ಹಂಚುವುದು, ಹಂಚಿಕೊಳ್ಳುವುದು

ಪ್ರಯಾಣಕ್ಕೂ ಧರ್ಮಕ್ಕೂ ಇರುವ ನಂಟು ಬಹಳ ಹಳೆಯದು. ನಮ್ಮ ನಾಡಿನ ಜೈನ ಮುನಿಗಳು ಮಳೆಗಾಲದ ನಾಲ್ಕು ತಿಂಗಳು ಒಂದೆಡೆ ನೆಲೆನಿಂತು, ಉಳಿದ ಕಾಲವನ್ನು ಊರಿಂದ ಊರಿಗೆ ವಿಹಾರ ಮಾಡುತ್ತ ಕಳೆಯುವವರು. ಬೌದ್ಧ ಭಿಕ್ಷುಗಳಿಗೂ ವರ್ಷಾವಾಸವನ್ನು ಬಿಟ್ಟರೆ ಉಳಿದ ದಿನಗಳು ಸಂಚಾರದ ದಿನಗಳೇ. ಶರಣರು ಚಲನೆಯನ್ನು ಸೂಚಿಸುವ ‘ಜಂಗಮ’ ಎಂಬ ಮಾತನ್ನೇ ಪೂಜ್ಯವಾದ ಹೆಸರನ್ನಾಗಿ ಮಾಡಿಕೊಂಡರು. ಹರಿದಾಸರು ಗೆಜ್ಜೆ ಕಟ್ಟಿ, ತಂಬೂರಿ ಮೀಟುತ್ತ ಬೀದಿಬೀದಿಗಳಲ್ಲಿ ಹಾಡಿಕೊಂಡು ನಡೆದರು. ಇವರ ಸಿದ್ಧಾಂತಗಳು ಬೇರೆ ಬೇರೆ. ಆದರೆ ಎಲ್ಲರ ನಡೆಯಲ್ಲಿಯೂ ಸಮಾನವಾದ ಒಂದು ಸಂಗತಿಯುಂಟು. ಊರಿಗೆ ಬಂದು ಉಪದೇಶ ಮಾಡಿದವನು ಅದೇ ಊರಿನ ಮನೆಯ ಬಾಗಿಲಲ್ಲಿ ನಿಂತು ಅನ್ನವನ್ನು ಪಡೆಯುತ್ತಿದ್ದ. ಉಪದೇಶಿಸುವ ನಾಲಗೆಗೂ ಭಿಕ್ಷೆಗೆ ಚಾಚಿದ ಕೈಗೂ ಒಡೆಯ ಒಬ್ಬನೇ ಆಗಿದ್ದ.

ಕ್ರೈಸ್ತ ಧರ್ಮವೂ ದಾರಿಯಲ್ಲಿಯೇ ಬೆಳೆದ ಧರ್ಮ. ‘ಅಪೊಸ್ತಲ’ ಎಂಬ ಗ್ರೀಕ್ ಮೂಲದ ಮಾತಿಗೆ ಕಳುಹಿಸಲ್ಪಟ್ಟವನು ಎಂದು ಅರ್ಥ. ‘ಮಿಷನ್’ ಎಂಬ ಲ್ಯಾಟಿನ್ ಮೂಲದ ಮಾತಿಗೂ ಕಳುಹಿಸುವಿಕೆಯೆಂದೇ ಅರ್ಥ. ಹಿಂದೆ ಹೀಗೆ ಕಳುಹಿಸಲ್ಪಟ್ಟವರು ಹೋದ ನಾಡಿನಲ್ಲಿ ಹತ್ತಾರು ವರ್ಷ ನೆಲಸುತ್ತಿದ್ದರು. ಎಷ್ಟೋ ಜನ ಅಲ್ಲಿಯೇ ಮಣ್ಣಾದರು. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಇನ್ನೊಂದು ಪದ್ಧತಿ ಬಳಕೆಗೆ ಬಂತು. ವಾರವೋ ಎರಡು ವಾರವೋ, ಹೆಚ್ಚೆಂದರೆ ಬೇಸಗೆಯ ರಜೆಯ ಕಾಲವೋ, ಗುಂಪುಗೂಡಿ ಪರದೇಶಕ್ಕೆ ಹೋಗಿ, ಸ್ವಲ್ಪ ಸೇವೆ ಮಾಡಿ, ದಾರಿಯಲ್ಲಿ ಸಿಕ್ಕವರೊಡನೆ ತಮ್ಮ ನಂಬಿಕೆಯನ್ನು ಹಂಚಿಕೊಂಡು ಮರಳುವ ಪದ್ಧತಿ ಅದು. ಇದಕ್ಕೆ ಅಲ್ಪಾವಧಿಯ ಮಿಷನ್ ಯಾತ್ರೆಯೆಂದು ಹೆಸರು. ಈ ಯಾತ್ರೆಯ ಬಗೆಗೆ, ಅದರಲ್ಲಿ ನಂಬಿಕೆಯ ಮಾತು ಒಬ್ಬರಿಂದ ಇನ್ನೊಬ್ಬರಿಗೆ ನಿಜವಾಗಿ ಮುಟ್ಟುವ ಬಗೆಯನ್ನು ಕುರಿತು ಇಂದು ಕೆಲವು ವಿಚಾರಗಳನ್ನು ನಿಮ್ಮ ಮುಂದಿಡಬೇಕೆಂದಿದ್ದೇನೆ.

ಮೊದಲಿಗೆ ನನ್ನ ನಿಲುವನ್ನು ಸ್ಪಷ್ಟಪಡಿಸಬೇಕು. ನಾನು ಕ್ರೈಸ್ತನಲ್ಲ. ಕನ್ನಡವನ್ನು ಓದಿ, ಕನ್ನಡವನ್ನು ಬೋಧಿಸಿದವನು. ಕಿಟ್ಟೆಲರ ನಿಘಂಟನ್ನು ಮೇಜಿನ ಮೇಲಿಟ್ಟುಕೊಂಡು ಬಾಳಿದ ಯಾವ ಕನ್ನಡ ಅಧ್ಯಾಪಕನೂ ಮಿಷನರಿಗಳ ವಿಷಯ ತನಗೆ ಸಂಬಂಧಿಸಿದ್ದಲ್ಲವೆಂದು ಹೇಳಲಾರ. ಹೇಳುವವರ ಪಕ್ಷದಿಂದ ಈ ವಿಷಯವಾಗಿ ಬಹಳ ಬರೆಹಗಳು ಬಂದಿವೆ. ನಾನು ಕೇಳಿಸಿಕೊಳ್ಳುವವರ ಜಗಲಿಯ ಮೇಲೆ ಕುಳಿತು ಮಾತನಾಡುತ್ತಿದ್ದೇನೆ.

ಅಲ್ಪಾವಧಿಯ ಯಾತ್ರೆಗಳು ಮುಖ್ಯವಾಗಿ ಅಮೆರಿಕದಲ್ಲಿ ಬೆಳೆದವು. ಜೆಟ್ ವಿಮಾನಗಳು ಬಂದು ದೂರದ ದೇಶಗಳು ಒಂದು ದಿನದ ಹಾದಿಯಾದದ್ದು ಇದಕ್ಕೆ ಬಹುಮಟ್ಟಿಗೆ ಕಾರಣ. ತರುಣ ತರುಣಿಯರನ್ನು ಹೀಗೆ ಹೊರನಾಡುಗಳಿಗೆ ಕಳುಹಿಸುವುದನ್ನೇ ಉದ್ದೇಶವಾಗಿ ಇಟ್ಟುಕೊಂಡ ಸಂಸ್ಥೆಯೊಂದನ್ನು ಲೊರೆನ್ ಕನ್ನಿಂಗ್‌ಹ್ಯಾಂ 1960ರಲ್ಲಿ ಸ್ಥಾಪಿಸಿದರು. ಮುಂದೆ ಸಾವಿರಾರು ಸಭೆಗಳು ತಾವೇ ಗುಂಪುಗಳನ್ನು ಕಟ್ಟಿ ಕಳುಹಿಸತೊಡಗಿದವು. ದಕ್ಷಿಣ ಕೊರಿಯದ ಸಭೆಗಳೂ ಈ ಹಾದಿಯನ್ನು ಹಿಡಿದವು. ವರ್ಷಕ್ಕೆ ಸುಮಾರು 16 ಲಕ್ಷ ಅಮೆರಿಕನರು ಇಂಥ ಯಾತ್ರೆಗಳಲ್ಲಿ ಹೊರದೇಶಗಳಿಗೆ ಹೋಗುತ್ತಾರೆಂದು ಸಮಾಜಶಾಸ್ತ್ರಜ್ಞ ರಾಬರ್ಟ್ ವುತ್‌ನೋ 2005ರ ಸಮೀಕ್ಷೆಯೊಂದರ ಆಧಾರದ ಮೇಲೆ ಅಂದಾಜು ಮಾಡಿದರು. ಅವರು ಮನೆ ಕಟ್ಟುತ್ತಾರೆ, ವೈದ್ಯಕೀಯ ಶಿಬಿರ ನಡೆಸುತ್ತಾರೆ, ಮಕ್ಕಳಿಗೆ ಹಾಡು ಕಲಿಸುತ್ತಾರೆ. ಬಸ್ಸಿನಲ್ಲಿ, ರೈಲಿನಲ್ಲಿ, ವಸತಿಗೃಹದ ಮೆಟ್ಟಿಲ ಮೇಲೆ ಸಿಕ್ಕ ಸಹಯಾತ್ರಿಗಳೊಡನೆ ಯೇಸುವಿನ ಮಾತನ್ನು ತೆಗೆಯುತ್ತಾರೆ.

ಇಷ್ಟು ಅಲ್ಪ ಪರಿಚಯದಲ್ಲಿ ನಂಬಿಕೆಯಂಥ ಆಳವಾದ ವಸ್ತುವನ್ನು ಹಂಚಿಕೊಳ್ಳಲು ಸಾಧ್ಯವೇ? ಸಾಧ್ಯವೇ ಇಲ್ಲವೆಂದು ಥಟ್ಟನೆ ಹೇಳಿಬಿಡುವವರಿದ್ದಾರೆ. ಆದರೆ ಕ್ರೈಸ್ತರ ಧರ್ಮಗ್ರಂಥವೇ ಆ ಉತ್ತರವನ್ನು ಒಪ್ಪುವುದಿಲ್ಲ. ಅಲ್ಪಾವಧಿಯ ಭೇಟಿಗಳ ಕಥೆಗಳು ಅದರಲ್ಲಿ ಅನೇಕವಾಗಿವೆ. ಅವುಗಳಲ್ಲಿ ಕೆಲವು ಅತ್ಯಂತ ಸುಂದರವಾಗಿಯೂ ಇವೆ. ಭೇಟಿ ಚಿಕ್ಕದಾದರೂ ಅದು ನಡೆದ ರೀತಿಯನ್ನು ನೋಡಬೇಕು.

ಯೋಹಾನನ ಸುವಾರ್ತೆಯ ನಾಲ್ಕನೆಯ ಅಧ್ಯಾಯದ ಪ್ರಸಂಗವನ್ನು ತೆಗೆದುಕೊಳ್ಳಿ. ನಡೆದು ದಣಿದ ಯೇಸು ಸಮಾರ್ಯದ ಊರೊಂದರ ಹೊರಗೆ ಯಾಕೋಬನ ಬಾವಿಯ ಬಳಿ ಕುಳಿತಿದ್ದಾನೆ. ಹೊತ್ತು ಮಧ್ಯಾಹ್ನ. ಬಾವಿ ಆಳವಾದದ್ದು, ಸೇದಲು ಅವನ ಬಳಿ ಏನೂ ಇಲ್ಲ. ನೀರಿಗೆ ಬಂದ ಹೆಂಗಸು ಯೆಹೂದ್ಯರು ಬಳಕೆ ಮಾಡದ ಸಮಾರ್ಯದ ಜನಕ್ಕೆ ಸೇರಿದವಳು. ಅವನು ಮೊದಲು ಅವಳನ್ನು ಕುಡಿಯಲು ನೀರು ಕೇಳುತ್ತಾನೆ. ಮಾತು ಆರಂಭವಾಗುವುದು ಬೇಡಿಕೆಯಿಂದ. ಜೀವಜಲದ ವಿಚಾರ ಬರುವುದು ಅನಂತರ. ಊರಿನವರು ಕರೆದು ಇರಿಸಿಕೊಂಡದ್ದರಿಂದ ಅವನು ಅಲ್ಲಿ ಎರಡು ದಿನ ಉಳಿಯುತ್ತಾನೆ. ಎರಡೇ ದಿನ! ಇಂದಿನ ಯಾತ್ರಿಕರ ಎರಡು ವಾರಕ್ಕಿಂತಲೂ ಅದು ಕಡಿಮೆ. ಆದರೆ ಆ ಎರಡು ದಿನಗಳನ್ನು ಊರಿನವರು ಕೇಳಿ ಪಡೆದರು. ಬಂದವನು ಬಾಯಾರಿದವನಾಗಿ ಬಂದ, ಅತಿಥಿಯಾಗಿ ಉಳಿದ.

ಲೂಕನ ಸುವಾರ್ತೆಯ ಹತ್ತನೆಯ ಅಧ್ಯಾಯದಲ್ಲಿ ಯೇಸು ಎಪ್ಪತ್ತು ಮಂದಿ ಶಿಷ್ಯರನ್ನು ಇಬ್ಬಿಬ್ಬರಾಗಿ ಮುಂದಿನ ಊರುಗಳಿಗೆ ಕಳುಹಿಸುತ್ತಾನೆ. ಪ್ರಯಾಣದ ಸಿದ್ಧತೆಯ ಬಗೆಗೆ ಅವನು ವಿಧಿಸಿದ ನಿಯಮಗಳು ವಿಚಿತ್ರವಾದವು. ಹಣದ ಚೀಲ ಬೇಡ, ಬುತ್ತಿಯ ಚೀಲ ಬೇಡ, ಕೆರವೂ ಬೇಡ. ಯಾವ ಮನೆಯವರು ಕರೆದರೋ ಆ ಮನೆಯಲ್ಲಿಯೇ ಇದ್ದು ಅವರು ಬಡಿಸಿದ್ದನ್ನು ಉಣ್ಣಬೇಕು. ಮನೆಯಿಂದ ಮನೆಗೆ ಸ್ಥಳ ಬದಲಾಯಿಸಬಾರದು. ಕರೆಯದಿದ್ದರೆ ಕಾಲಿನ ಧೂಳನ್ನು ಒರೆಸಿ ಮುಂದಕ್ಕೆ ಹೋಗಬೇಕು. ಹೀಗೆ ಬರಿಗೈಯಲ್ಲಿ ಹೋದವನು ಹಸಿವಾದಾಗ ಊರಿನವರ ಮುಖ ನೋಡಲೇಬೇಕು. ಅವನು ಅವರಿಗಿಂತ ಮೇಲಿನವನಾಗಿ ನಿಲ್ಲಲಾರ. ನಮ್ಮ ಭಿಕ್ಷುವಿನ ಪಾತ್ರೆಗೂ ಈ ಬರಿಗೈಗೂ ಅರ್ಥ ಒಂದೇ ಎನ್ನಬಹುದು.

ದಾರಿಯಲ್ಲಿ ಸಿಕ್ಕ ಪ್ರಯಾಣಿಕನೊಡನೆ ನಂಬಿಕೆಯನ್ನು ಹಂಚಿಕೊಂಡದ್ದಕ್ಕೆ ನೇರವಾದ ನಿದರ್ಶನ ಅಪೊಸ್ತಲರ ಕೃತ್ಯಗಳ ಎಂಟನೆಯ ಅಧ್ಯಾಯದಲ್ಲಿ ದೊರೆಯುತ್ತದೆ. ಯೆರೂಸಲೇಮಿನಿಂದ ಗಾಜಾಕ್ಕೆ ಹೋಗುವ ನಿರ್ಜನವಾದ ದಾರಿ. ಐಥಿಯೋಪ್ಯದ ರಾಣಿಯ ಬೊಕ್ಕಸದ ಅಧಿಕಾರಿಯಾದ ಕಂಚುಕಿಯೊಬ್ಬ ಯಾತ್ರೆ ಮುಗಿಸಿ ರಥದಲ್ಲಿ ಊರಿಗೆ ಮರಳುತ್ತಿದ್ದಾನೆ. ಯೆಶಾಯ ಪ್ರವಾದಿಯ ಗ್ರಂಥವನ್ನು ಗಟ್ಟಿಯಾಗಿ ಓದಿಕೊಳ್ಳುತ್ತಿದ್ದಾನೆ. ಫಿಲಿಪ್ಪನೆಂಬ ಶಿಷ್ಯ ಓಡಿಬಂದು, ಓದುತ್ತಿರುವುದು ಅರ್ಥವಾಗುತ್ತಿದೆಯೇ ಎಂದು ಕೇಳುತ್ತಾನೆ. ತಿಳಿಸಿಕೊಡುವವರಿಲ್ಲದೆ ಹೇಗೆ ಅರ್ಥವಾದೀತು ಎಂದು ಆ ಅಧಿಕಾರಿ ಅವನನ್ನು ರಥಕ್ಕೆ ಹತ್ತಿಸಿಕೊಳ್ಳುತ್ತಾನೆ. ಸ್ವಲ್ಪ ದೂರ ಹೋದಮೇಲೆ ನೀರು ಕಂಡಾಗ ದೀಕ್ಷಾಸ್ನಾನದ ಮಾತನ್ನು ಎತ್ತುವವನೂ ಅವನೇ. ಸ್ನಾನವಾದ ಕೂಡಲೇ ಫಿಲಿಪ್ಪ ಮರೆಯಾಗುತ್ತಾನೆ. ಪ್ರಯಾಣಿಕನು ಸಂತೋಷದಿಂದ ತನ್ನ ದಾರಿ ಹಿಡಿಯುತ್ತಾನೆ.

ಈ ಕಥೆಯಲ್ಲಿ ಯಾವುದು ಯಾರದು ಎಂಬುದನ್ನು ಗಮನಿಸಬೇಕು. ರಥ ಆ ಪ್ರಯಾಣಿಕನದು. ಗ್ರಂಥ ಅವನ ಕೈಯಲ್ಲಿದ್ದದ್ದು. ಸಂದೇಹ ಅವನಿಗೆ ಹುಟ್ಟಿದ್ದು. ಕರೆದು ಕೂರಿಸಿಕೊಂಡವನು ಅವನು. ಬೇಡವೆನಿಸಿದ್ದರೆ ರಥವನ್ನು ಮುಂದಕ್ಕೆ ಓಡಿಸಲು ಅವನ ಒಂದು ಮಾತು ಸಾಕಾಗಿತ್ತು. ಫಿಲಿಪ್ಪನು ಮಾತನಾಡಿದ್ದು ಹೀಗೆ ಬೇಡವೆನ್ನುವ ಪೂರ್ಣ ಸಾಮರ್ಥ್ಯವಿದ್ದ ಮನುಷ್ಯನೊಡನೆ. ಅಲ್ಪಾವಧಿಯ ಯಾತ್ರಿಕರು ಮಾತನಾಡಿಸುವ ಎಲ್ಲರಿಗೂ ಈ ಸಾಮರ್ಥ್ಯ ಇರುವುದಿಲ್ಲ. ಉಚಿತ ಔಷಧಕ್ಕೆ ಸಾಲಿನಲ್ಲಿ ನಿಂತವನು, ಬಿರುಗಾಳಿಗೆ ಮನೆ ಕಳೆದುಕೊಂಡವಳು, ಬಿಸ್ಕತ್ತಿಗೆ ಕೈಯೊಡ್ಡಿದ ಮಗು, ಇವರು ತಲೆಯಾಡಿಸಿದರೆ ಅದನ್ನು ಒಪ್ಪಿಗೆಯೆಂದು ತಿಳಿಯುವುದು ಹೇಗೆ? ಎದ್ದು ಹೋಗುವ ಸ್ವಾತಂತ್ರ್ಯ ಕೇಳುವವನಿಗೆ ಇಲ್ಲದ ಕಡೆ ಹೇಳುವವನ ಮಾತಿಗೆ ಬೆಲೆಯಿಲ್ಲ.

ಎರಡನೆಯ ಪ್ರಶ್ನೆ ಭಾಷೆಯದು. ಕೃತ್ಯಗಳ ಹದಿನಾಲ್ಕನೆಯ ಅಧ್ಯಾಯದಲ್ಲಿ ಪೌಲ ಮತ್ತು ಬಾರ್ನಬರು ಲುಸ್ತ್ರವೆಂಬ ಊರಿಗೆ ಬರುತ್ತಾರೆ. ಹುಟ್ಟು ಕುಂಟನೊಬ್ಬ ಪೌಲನ ಮಾತಿನಿಂದ ಎದ್ದು ನಡೆಯುತ್ತಾನೆ. ಜನ ತಮ್ಮ ಲುಕವೋನ್ಯ ಭಾಷೆಯಲ್ಲಿ ಏನೋ ಕೂಗಿಕೊಳ್ಳುತ್ತಾರೆ. ದೇವತೆಗಳು ಮನುಷ್ಯರೂಪದಲ್ಲಿ ಇಳಿದು ಬಂದಿದ್ದಾರೆ ಎಂಬುದು ಆ ಕೂಗಿನ ಅರ್ಥ. ಪೂಜಾರಿ ಎತ್ತುಗಳನ್ನೂ ಹೂಮಾಲೆಗಳನ್ನೂ ತಂದು ಬಲಿಗೆ ಸಿದ್ಧನಾಗುತ್ತಾನೆ. ವಿಷಯ ತಿಳಿದಾಗ ಇವರಿಬ್ಬರೂ ಬಟ್ಟೆ ಹರಿದುಕೊಂಡು ಜನರ ನಡುವೆ ನುಗ್ಗಿ ತಡೆಯಬೇಕಾಗುತ್ತದೆ. ಅಷ್ಟರಲ್ಲಿ ಬೇರೆ ಊರುಗಳಿಂದ ಬಂದ ವಿರೋಧಿಗಳು ಜನರ ಮನಸ್ಸನ್ನು ತಿರುಗಿಸುತ್ತಾರೆ; ಪೌಲನ ಮೇಲೆ ಕಲ್ಲುಗಳು ಬೀಳುತ್ತವೆ. ಹೂಮಾಲೆಗೂ ಕಲ್ಲಿಗೂ ನಡುವಿನ ಅಂತರ ಇಷ್ಟೇ. ಪರಭಾಷೆಯ ಊರಿನಲ್ಲಿ ಜನ ತನ್ನನ್ನು ಯಾರೆಂದು ತಿಳಿದಿದ್ದಾರೆಂಬುದು ಪೌಲನಂಥ ವಿದ್ವಾಂಸನಿಗೂ ಸಕಾಲದಲ್ಲಿ ತಿಳಿಯಲಿಲ್ಲ. ಇನ್ನು ನಾಲ್ಕು ವಾಕ್ಯ ಬಾಯಿಪಾಠ ಮಾಡಿ ಬಂದವರ ಪಾಡೇನು?

ನಮ್ಮ ನಾಡಿಗೆ ಬಂದ ಮಿಷನರಿಗಳು ಈ ಸಮಸ್ಯೆಯನ್ನು ಎದುರಿಸಿದ ಬಗೆ ಸ್ಮರಣೀಯವಾದದ್ದು. ಬಾಸೆಲ್ ಮಿಷನ್ನಿನ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು 1834ರಲ್ಲಿ ಪಶ್ಚಿಮ ಕರಾವಳಿಗೆ ಬಂದಿಳಿದು ಮಂಗಳೂರಿನಲ್ಲಿ ನೆಲಸಿದರು. ಹರ್ಮನ್ ಮೋಗ್ಲಿಂಗ್ 1836ರಲ್ಲಿ ಬಂದರು. ಮಳೆ ನಿಂತ ತಿಂಗಳುಗಳಲ್ಲಿ ಊರೂರು ಸುತ್ತುವುದು, ಸಂತೆ ಜಾತ್ರೆಗಳಲ್ಲಿ ನಿಂತು ದಾರಿಹೋಕರೊಡನೆ ಮಾತನಾಡುವುದು, ಚಿಕ್ಕ ಪುಸ್ತಕಗಳನ್ನು ಹಂಚುವುದು ಅವರ ಕಾರ್ಯಕ್ರಮವಾಗಿತ್ತು. ಇದನ್ನು ಅಲ್ಪಾವಧಿಯ ಯಾತ್ರೆಗಳ ಸರಣಿಯೆಂದೇ ಕರೆಯಬಹುದು. ಅವರು ಎಲ್ಲಿಯೂ ದೋಷರಹಿತರಾಗಿದ್ದರೆಂದು ನಾನು ಹೇಳುವುದಿಲ್ಲ. ಕಂಪನಿ ಸರ್ಕಾರದ ಆಳ್ವಿಕೆಯ ನೆರಳಿನಲ್ಲಿ ಬಂದವರು ಅವರು; ಇಲ್ಲಿಯ ದೇವರುಗಳನ್ನೂ ಆಚಾರಗಳನ್ನೂ ಕುರಿತು ಅವರಾಡಿದ ಮಾತು ಎಷ್ಟೋ ಸಲ ಕಟುವಾಗಿತ್ತು.

ಆದರೆ ಜಾತ್ರೆಯಲ್ಲಿ ಕೇಳಿಬಂದ ಪ್ರಶ್ನೆಗಳಿಗೆ ಉತ್ತರ ಹೇಳಬೇಕಾದರೆ ಪ್ರಶ್ನೆ ಕೇಳಿದವನ ನುಡಿಯನ್ನು ಅರಿಯಬೇಕೆಂಬ ವಿವೇಕ ಅವರಿಗಿತ್ತು. ಹಾಗಾಗಿ ಹೇಳಲು ಬಂದವರು ವಿದ್ಯಾರ್ಥಿಗಳಾದರು. ಮೋಗ್ಲಿಂಗರು 1843ರ ಜುಲೈ 1ರಂದು ‘ಮಂಗಳೂರ ಸಮಾಚಾರ’ವನ್ನು ಆರಂಭಿಸಿದರು, ಊರ ವರ್ತಮಾನ, ಸರ್ಕಾರದ ನಿರೂಪ, ಕಥೆ, ಸುಬುದ್ಧಿಯ ಮಾತು ಅದರಲ್ಲಿ ಬಂದವು. ಅನಂತರ ದಾಸರ ಪದಗಳನ್ನೂ ಜೈಮಿನಿ ಭಾರತ, ಬಸವ ಪುರಾಣಗಳನ್ನೂ ಅವರು ಅಚ್ಚಿಗೆ ತಂದರು. ಕ್ರಿಸ್ತನನ್ನು ಸಾರಲು ಬಂದವರ ಕೈಯಿಂದ ಪುರಂದರದಾಸರು ಅಚ್ಚಾದರು! ಫೆರ್ಡಿನಂಡ್ ಕಿಟ್ಟೆಲರು 1853ರಲ್ಲಿ ಬಂದರು. 1862ರಲ್ಲಿ ‘ಕಥಾಮಾಲೆ’ಯಲ್ಲಿ ಯೇಸುವಿನ ಚರಿತ್ರೆಯನ್ನು ನಮ್ಮ ಛಂದಸ್ಸಿಗೆ ಅಳವಡಿಸಿದರು. ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನೂ ನಾಗವರ್ಮನ ‘ಛಂದೋಂಬುಧಿ’ಯನ್ನೂ ಸಂಪಾದಿಸಿದರು. ಸುಮಾರು 70,000 ಶಬ್ದಗಳ ಅವರ ನಿಘಂಟು 1894ರಲ್ಲಿ ಹೊರಬಂತು. ಬಂದ ವರ್ಷಕ್ಕೂ ನಿಘಂಟಿನ ವರ್ಷಕ್ಕೂ ನಡುವೆ 41 ವರ್ಷ. ಕೊಡಲು ಬಂದವರು ಇಷ್ಟು ಪಡೆದುಕೊಂಡರು; ಪಡೆದುಕೊಂಡದ್ದನ್ನು ಸಾವಿರ ಮಡಿ ಮಾಡಿ ನಮಗೇ ಹಿಂತಿರುಗಿಸಿದರು.

ಇಲ್ಲಿ ವ್ಯಾಕರಣದ ಒಂದು ಸಣ್ಣ ಮಾತನ್ನು ಆಡಲು ಅನುಮತಿ ಬೇಡುತ್ತೇನೆ. ಕನ್ನಡದಲ್ಲಿ ‘ಹಂಚುವುದು’ ಬೇರೆ, ‘ಹಂಚಿಕೊಳ್ಳುವುದು’ ಬೇರೆ. ಪ್ರಸಾದವನ್ನು ಹಂಚುತ್ತಾರೆ, ಕರಪತ್ರವನ್ನು ಹಂಚುತ್ತಾರೆ. ಹಂಚುವವನು ಒಂದು ಕಡೆ, ಪಡೆಯುವವರು ಇನ್ನೊಂದು ಕಡೆ. ಬುತ್ತಿಯನ್ನು ಮಾತ್ರ ಹಂಚಿಕೊಳ್ಳುತ್ತಾರೆ. ‘ಕೊಳ್’ ಎಂಬ ಧಾತುವಿಗೆ ಪಡೆ, ತೆಗೆದುಕೊ ಎಂದು ಅರ್ಥ. ಹಂಚಿಕೊಳ್ಳುವ ಕ್ರಿಯೆಯಲ್ಲಿ ಕೊಡುವುದು ಎಷ್ಟಿದೆಯೋ ಕೊಳ್ಳುವುದೂ ಅಷ್ಟೇ ಇದೆ. ನಂಬಿಕೆಯನ್ನು ಹಂಚಿಕೊಳ್ಳುತ್ತೇವೆಂದು ಹೊರಟವರು ನಂಬಿಕೆಯನ್ನು ಹಂಚುವುದರಲ್ಲಿಯೇ ನಿಂತುಬಿಟ್ಟರೆ ಅರ್ಧ ಕ್ರಿಯಾಪದ ಉಳಿದುಹೋಗುತ್ತದೆ.

ಕೆಲವು ವರ್ಷಗಳ ಹಿಂದೆ ಹುಬ್ಬಳ್ಳಿಯ ಕಡೆಯಿಂದ ಬರುವ ರೈಲಿನಲ್ಲಿ ನಾನು ಕಂಡದ್ದನ್ನು ಇಲ್ಲಿ ಹೇಳಬಹುದು. ಎದುರಿನ ಆಸನದಲ್ಲಿ ಪರದೇಶದ ತರುಣನೊಬ್ಬ ಕುಳಿತಿದ್ದ. ಬಾಯಿಪಾಠ ಮಾಡಿದ ಎರಡು ಮೂರು ಕನ್ನಡ ವಾಕ್ಯಗಳನ್ನು ನುಡಿದು, ಪಕ್ಕದಲ್ಲಿದ್ದ ಮುದುಕಿಗೆ ಒಂದು ಚಿಕ್ಕ ಕರಪತ್ರವನ್ನು ಕೊಟ್ಟ. ಆಕೆಗೆ ಓದಲು ಬರುತ್ತಿರಲಿಲ್ಲ. ಕರಪತ್ರವನ್ನು ಮಡಿಸಿ ಸೆರಗಿನ ತುದಿಗೆ ಸಿಕ್ಕಿಸಿಕೊಂಡು, “ಊಟ ಆತೇನೋ ತಮ್ಮಾ?” ಎಂದು ಕೇಳಿದಳು. ಅವನು ಕಲಿತ ವಾಕ್ಯಗಳಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಅವನು ನಕ್ಕು ಸುಮ್ಮನಾದ. ಆಕೆ ಬುತ್ತಿಯ ಗಂಟನ್ನು ಬಿಚ್ಚಿ, ರೊಟ್ಟಿಯ ಮೇಲೆ ಶೇಂಗಾ ಚಟ್ನಿ ಹಾಕಿ, “ಹಸ್ತೀದಿ, ತಿನ್ನು” ಎಂದು ಅವನ ಕೈಗೆ ಇಟ್ಟಳು. ಅವನು ತಿಂದ. ಖಾರಕ್ಕೆ ಕಣ್ಣಲ್ಲಿ ನೀರು ಬಂತು. ಆಕೆ ನೀರಿನ ತಂಬಿಗೆಯನ್ನೂ ಮುಂದೆ ಮಾಡಿದಳು. ಆಮೇಲೆ ಬಹಳ ಹೊತ್ತು ಅವನು ಮಾತನಾಡಲಿಲ್ಲ. ತನ್ನ ಟಿಪ್ಪಣಿ ಪುಸ್ತಕವನ್ನು ತೆರೆದು, ರೊಟ್ಟಿ, ಚಟ್ನಿ, ತಂಬಿಗೆಗಳಿಗೆ ಕನ್ನಡದಲ್ಲಿ ಏನೆನ್ನುತ್ತಾರೆಂದು ನನ್ನನ್ನು ಕೇಳಿ ಬರೆದುಕೊಂಡ. ನನಗೆ ಅವನ ಮೇಲೆ ಗೌರವ ಹುಟ್ಟಿದ್ದು ಆ ಗಳಿಗೆಯಲ್ಲಿ.

ಎಲ್ಲ ಯಾತ್ರೆಗಳೂ ಹೀಗೆ ಸೌಮ್ಯವಾಗಿ ಮುಗಿಯುವುದಿಲ್ಲ. 2018ರ ನವೆಂಬರಿನಲ್ಲಿ ಜಾನ್ ಅಲೆನ್ ಚೌ ಎಂಬ 26 ವರ್ಷದ ಅಮೆರಿಕನ್ ತರುಣ ಅಂಡಮಾನಿನ ಉತ್ತರ ಸೆಂಟಿನೆಲ್ ದ್ವೀಪಕ್ಕೆ ಸುವಾರ್ತೆ ಸಾರಲು ಹೋಗಿ ದ್ವೀಪವಾಸಿಗಳ ಬಾಣಕ್ಕೆ ಬಲಿಯಾದ. ಆ ದ್ವೀಪದ ಸಮೀಪಕ್ಕೆ ಹೋಗುವುದು ಕಾನೂನಿನಿಂದ ನಿಷಿದ್ಧ. ಹೊರಗಿನವರ ರೋಗಗಳನ್ನು ತಡೆಯುವ ಶಕ್ತಿ ಆ ಜನರ ಶರೀರಕ್ಕೆ ಇಲ್ಲದಿರಬಹುದೆಂಬ ಭಯವೂ ಆ ನಿಷೇಧಕ್ಕೆ ಒಂದು ಕಾರಣ. ಅವರ ಭಾಷೆ ಹೊರಗಿನ ಯಾರಿಗೂ ತಿಳಿಯದು. ಅವನನ್ನು ದೋಣಿಯಲ್ಲಿ ಕರೆದೊಯ್ದ ಮೀನುಗಾರರು ಬಂಧನಕ್ಕೊಳಗಾದರು. ಆ ತರುಣನ ಧೈರ್ಯವನ್ನೂ ಪ್ರಾಮಾಣಿಕತೆಯನ್ನೂ ಹಳಿಯಲು ನನಗೆ ಮನಸ್ಸಿಲ್ಲ. ಒಬ್ಬ ತಾಯಿಯ ಮಗ ಅವನು. ಆದರೆ ಕರೆಯದಿದ್ದರೆ ಧೂಳನ್ನು ಒರೆಸಿ ಮುಂದೆ ಹೋಗಬೇಕೆಂಬ ನಿಯಮ ಅವನ ಗ್ರಂಥದಲ್ಲಿಯೇ ಇತ್ತಲ್ಲವೇ? ದ್ವೀಪದವರು ಬಾಣ ಬಿಟ್ಟು ‘ಬೇಡ’ ಎಂಬ ಮಾತನ್ನು ತಮಗೆ ತಿಳಿದ ಏಕೈಕ ರೀತಿಯಲ್ಲಿ ಮೊದಲೇ ಹೇಳಿದ್ದರು.

ಇಂಥ ಘಟನೆ ಅಪರೂಪವಾದದ್ದು. ಸಾಮಾನ್ಯವಾದ ಯಾತ್ರೆಗಳ ಫಲವೇನೆಂಬುದನ್ನು ತೂಗಿ ನೋಡಿದವರೂ ಇದ್ದಾರೆ. ಅವರು ಕ್ರೈಸ್ತರೇ ಎಂಬುದು ಹೇಳತಕ್ಕ ಮಾತು. 1998ರ ಅಕ್ಟೋಬರ್ ಕೊನೆಯಲ್ಲಿ ಮಿಚ್ ಎಂಬ ಚಂಡಮಾರುತ ಮಧ್ಯ ಅಮೆರಿಕದ ಹೊಂಡುರಾಸನ್ನು ನೆಲಸಮ ಮಾಡಿತು. ಉತ್ತರ ಅಮೆರಿಕದ ಎಷ್ಟೋ ಗುಂಪುಗಳು ಅಲ್ಲಿಗೆ ಹೋಗಿ ಮನೆ ಕಟ್ಟಿಕೊಟ್ಟವು. ಹೊಂಡುರಾಸಿನಲ್ಲಿಯೇ ನೆಲಸಿದ್ದ ಸಮಾಜಶಾಸ್ತ್ರಜ್ಞ ಕರ್ಟ್ ವೆರ್ ಬೀಕ್ ಇದನ್ನು ಅಭ್ಯಾಸ ಮಾಡಿದರು. ಸ್ಥಳೀಯರು ಕಟ್ಟಿದರೆ ಒಂದು ಮನೆಗೆ ಸುಮಾರು 2,000 ಡಾಲರ್ ಸಾಕಾಗುತ್ತಿತ್ತು. ಹೊರಗಿನಿಂದ ಬಂದು ಹೋಗುವ ಒಂದು ಗುಂಪಿಗೆ ಪ್ರಯಾಣವೂ ಸೇರಿ ಸುಮಾರು 30,000 ಡಾಲರ್ ವೆಚ್ಚವಾಗುತ್ತಿತ್ತು. ಮನೆ ಪಡೆದವರ ಬಾಳಿನಲ್ಲಿಯಾಗಲಿ ಶ್ರದ್ಧೆಯಲ್ಲಿಯಾಗಲಿ, ಯಾರು ಕಟ್ಟಿದರೆಂಬುದರಿಂದ ಹೇಳುವಂಥ ವ್ಯತ್ಯಾಸ ಕಾಣಲಿಲ್ಲ. ಬಂದುಹೋದವರ ಜೀವನದಲ್ಲಿಯೂ, ಅವರು ಭಾವಿಸಿದಷ್ಟು ಬದಲಾವಣೆ ಉಳಿದಿರಲಿಲ್ಲ.

ಇದಕ್ಕೆ ಮೂವತ್ತು ವರ್ಷ ಹಿಂದೆಯೇ, 1968ರ ಏಪ್ರಿಲಿನಲ್ಲಿ, ಇವಾನ್ ಇಲಿಚ್ ಎಂಬ ಕ್ಯಾಥೊಲಿಕ್ ಚಿಂತಕ ಮೆಕ್ಸಿಕೋದ ಕುಯೆರ್ನವಾಕಾದಲ್ಲಿ ಅಮೆರಿಕದ ಸ್ವಯಂಸೇವಕ ವಿದ್ಯಾರ್ಥಿಗಳನ್ನು ಉದ್ದೇಶಿಸಿ ಬಹಳ ಕಠಿಣವಾದ ಭಾಷಣ ಮಾಡಿದ್ದರು. ಬಡವರಿಗೆ ನೆರವಾಗಬೇಕೆಂದಿದ್ದರೆ ನಿಮ್ಮ ನಾಡಿನ ಬಡವರ ನಡುವೆ ಕೆಲಸ ಮಾಡಿ. ನೀವು ಬೇಡವಾದಾಗ ಅವರು ನಿಮಗೆ ಅರ್ಥವಾಗುವ ಭಾಷೆಯಲ್ಲಿ ಅದನ್ನು ಹೇಳಬಲ್ಲರು. ಮೆಕ್ಸಿಕೋಗೆ ನೋಡಲು ಬನ್ನಿ, ಕಲಿಯಲು ಬನ್ನಿ, ಉದ್ಧಾರ ಮಾಡಲು ಬರಬೇಡಿ ಎಂಬುದು ಅವರ ಮಾತಿನ ತಾತ್ಪರ್ಯ. ಭಾಷಣದ ಧ್ವನಿ ತೀಕ್ಷ್ಣವಾದದ್ದು. ಆದರೂ ಅದರಲ್ಲಿ ಒಂದು ಆಹ್ವಾನವಿದೆ: ಅತಿಥಿಗಳಾಗಿ ಬನ್ನಿ ಎಂಬ ಆಹ್ವಾನ.

ಎಲ್ಲಕ್ಕಿಂತ ಮುಖ್ಯವಾದ ಮಾತು ಇನ್ನೂ ಉಳಿದಿದೆ. ನಂಬಿಕೆಗೆ ಒಂದು ಬೆಲೆಯುಂಟು. ಆ ಬೆಲೆಯನ್ನು ಕೊಡಬೇಕಾದವನು ಬಹಳ ಸಲ ಕೇಳಿದವನೇ ಹೊರತು ಹೇಳಿದವನಲ್ಲ. ಮಂಗಳೂರಿನಲ್ಲಿ ಆನಂದರಾವ್ ಕೌಂಡಿನ್ಯ ಎಂಬ ಸಾರಸ್ವತ ಬ್ರಾಹ್ಮಣ ತರುಣ 1844ರಲ್ಲಿ ದೀಕ್ಷಾಸ್ನಾನ ಪಡೆದಾಗ ಊರೇ ಅಲ್ಲೋಲಕಲ್ಲೋಲವಾಯಿತು. ಅವರು ಮನೆಯನ್ನೂ ಬಂಧುಗಳನ್ನೂ ತೊರೆಯಬೇಕಾಯಿತು. ಆದರೆ ಅವರಿಗೆ ನಂಬಿಕೆಯ ಮಾತನ್ನು ಹೇಳಿದ ಮೋಗ್ಲಿಂಗರು ಮರುವಾರ ಹಡಗು ಹತ್ತಿ ಮರೆಯಾಗಲಿಲ್ಲ. 1846ರಲ್ಲಿ ಊರಿಗೆ ಹೋಗುವಾಗ ಶಿಷ್ಯನನ್ನೂ ಜೊತೆಗೆ ಕರೆದೊಯ್ದರು. ಕೌಂಡಿನ್ಯರು ಬಾಸೆಲಿನಲ್ಲಿ ಓದಿ, 1851ರಲ್ಲಿ ಸ್ವತಃ ಪಾದ್ರಿಯಾಗಿ ಮರಳಿದರು. ಜಾತಿಯನ್ನೂ ಕಸುಬನ್ನೂ ಕಳೆದುಕೊಂಡ ಹೊಸ ಕ್ರೈಸ್ತರಿಗೆ ಹೊಟ್ಟೆಪಾಡು ಬೇಕಾದಾಗ ಮಿಷನ್ನಿನವರು ಅಚ್ಚುಕೂಟ, ನೇಯ್ಗೆಯ ಮಗ್ಗಗಳನ್ನು ಸ್ಥಾಪಿಸಿದರು. 1865ರಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದರು. ಕರಾವಳಿಯ ಕೆಂಪು ಹೆಂಚಿನ ಮಾಡುಗಳ ಹಿಂದೆ ಈ ಹೊಣೆಯ ಕಥೆಯೂ ಇದೆ. ಅವರ ಮತವನ್ನು ಒಪ್ಪಲಿ ಬಿಡಲಿ, ತಮ್ಮ ಮಾತಿನ ಪರಿಣಾಮಕ್ಕೆ ಅವರು ಹೆಗಲು ಕೊಟ್ಟರೆಂಬುದನ್ನು ಒಪ್ಪಲೇಬೇಕು.

ಎರಡು ವಾರದ ಯಾತ್ರಿಕನಿಂದ ಇದು ಆಗದು. ಅವನ ಮಾತನ್ನು ನಂಬಿ ಹದಿನೆಂಟರ ಹುಡುಗನೊಬ್ಬ ತಂದೆಯೊಡನೆ ಮನಸ್ತಾಪ ಕಟ್ಟಿಕೊಂಡರೆ, ಆ ರಾತ್ರಿ ಅವನಿಗೆ ಬಾಗಿಲು ತೆರೆಯುವವರು ಯಾರು? ಯಾತ್ರಿಕ ಆ ವೇಳೆಗೆ ವಿಮಾನದಲ್ಲಿರುತ್ತಾನೆ. ಅವನ ವರದಿಯಲ್ಲಿ ಆ ಹುಡುಗ ಒಂದು ಅಂಕಿಯಾಗಿರುತ್ತಾನೆ. ಅವನು ಬಿಟ್ಟುಹೋದ ಬಿಸಿಯನ್ನು ಉಣ್ಣಬೇಕಾದವರು ತಲೆಮಾರುಗಳಿಂದ ಆ ಊರಿನಲ್ಲಿ ನೆರೆಹೊರೆಯವರೊಡನೆ ಬಾಳಿಕೊಂಡು ಬಂದ ಸ್ಥಳೀಯ ಕ್ರೈಸ್ತ ಕುಟುಂಬಗಳು. ಈ ವಿಷಯದಲ್ಲಿ ನಮ್ಮ ಕಾನೂನೂ ಗೆರೆ ಎಳೆದಿದೆ. ಸಂವಿಧಾನದ 25ನೆಯ ವಿಧಿ ಧರ್ಮವನ್ನು ಆಚರಿಸುವ, ಪ್ರಸಾರ ಮಾಡುವ ಹಕ್ಕನ್ನು ಕೊಟ್ಟಿದೆ. ಪ್ರಸಾರವೆಂದರೆ ತನ್ನ ಧರ್ಮದ ತತ್ತ್ವಗಳನ್ನು ತಿಳಿಸಿ ಹೇಳುವುದು, ಇನ್ನೊಬ್ಬನನ್ನು ಮತಾಂತರಿಸುವುದು ಮೂಲಭೂತ ಹಕ್ಕಲ್ಲ ಎಂದು ಸರ್ವೋಚ್ಚ ನ್ಯಾಯಾಲಯ 1977ರಲ್ಲಿ ತೀರ್ಪಿತ್ತಿತು. ಪ್ರವಾಸಿ ವೀಸಾದ ಮೇಲೆ ಬಂದ ವಿದೇಶೀಯರು ಮತಪ್ರಚಾರ ಮಾಡುವಂತೆಯೇ ಇಲ್ಲ.

ಹಾಗಾದರೆ ಯಾತ್ರಿಕನು ಬಾಯಿಗೆ ಬೀಗ ಹಾಕಿಕೊಳ್ಳಬೇಕೇ? ನನ್ನ ಅಭಿಪ್ರಾಯ ಹಾಗಿಲ್ಲ. ಸಹಯಾತ್ರಿಯೊಬ್ಬ, “ನೀವು ಊಟಕ್ಕೆ ಮೊದಲು ಕಣ್ಣು ಮುಚ್ಚಿದಿರಲ್ಲ, ಏನು ಕೇಳಿಕೊಂಡಿರಿ?” ಎಂದು ಕೇಳಿದರೆ ಸಂಕೋಚವಿಲ್ಲದೆ ಹೇಳಬೇಕು. ನಂಬಿಕೆಯಿರುವವನು ಅದನ್ನು ಬಚ್ಚಿಟ್ಟುಕೊಂಡು ನಡೆಯುವುದು ಸಹಯಾತ್ರಿಗೂ ಗೌರವವಲ್ಲ. ಹೇಳಿದಮೇಲೆ “ನಿಮ್ಮ ಮನೆಯಲ್ಲಿ ಏನು ಮಾಡುತ್ತೀರಿ?” ಎಂದು ಕೇಳಬೇಕು, ಕೇಳಿ, ಉತ್ತರಕ್ಕೆ ಕಿವಿಗೊಡಬೇಕು. ಕಷ್ಟದಲ್ಲಿರುವವನಿಗೆ ಅನ್ನ ಕೊಡುವಾಗ ಅನ್ನವನ್ನಷ್ಟೇ ಕೊಡಬೇಕು. ಹೋಗುವ ನಾಡಿನ ಭಾಷೆಯನ್ನು, ಹತ್ತೇ ಮಾತಾದರೂ ಸರಿ, ಕಲಿತು ಹೋಗಬೇಕು. ಆ ಹತ್ತು ಮಾತುಗಳಲ್ಲಿ ಮೊದಲನೆಯದು ತನ್ನ ದೇವರನ್ನು ಕುರಿತದ್ದಾಗಿರದೆ ಎದುರಿನವರ ಕ್ಷೇಮವನ್ನು ಕುರಿತದ್ದಾಗಿರಬೇಕು. ಅಲ್ಲಿ ನೆಲಸಿರುವ ತನ್ನವರ ಮಾತನ್ನು ಮೀರಬಾರದು, ಏಕೆಂದರೆ ನಾಳೆ ಬೆಳಿಗ್ಗೆ ನೆರೆಯವರ ಮುಖ ನೋಡಬೇಕಾದವರು ಅವರು. ಊರಿಗೆ ಮರಳಿದಮೇಲೆ, ಎಷ್ಟು ಜನಕ್ಕೆ ಹೇಳಿದೆನೆಂಬ ಲೆಕ್ಕದ ಜೊತೆಗೆ ಎಷ್ಟು ಜನರಿಂದ ಏನು ಪಡೆದೆನೆಂಬುದನ್ನೂ ಹೇಳಬೇಕು.

ಈ ಮಾತು ಕ್ರೈಸ್ತ ಯಾತ್ರಿಕರಿಗೆ ಮಾತ್ರ ಅನ್ವಯಿಸುವುದಿಲ್ಲ. ಇಂದು ನಮ್ಮ ಮಠಗಳ, ಆಶ್ರಮಗಳ, ಯೋಗಕೇಂದ್ರಗಳ ತರುಣರೂ ಕಡಲು ದಾಟಿ ಹೋಗಿ ತಮ್ಮ ಶ್ರದ್ಧೆಯ ಮಾತನ್ನು ಹೇಳುತ್ತಿದ್ದಾರೆ. ಅಲ್ಲಿಯೂ ಅದೇ ಪ್ರಶ್ನೆ ಕಾದಿದೆ. ಹೇಳುವವನಿಗೆ ಹಸಿವಿದೆಯೇ? ಎದುರಿನವರ ಕೈಯಿಂದ ಪಡೆದುಕೊಳ್ಳುವಂಥದ್ದು ಏನಾದರೂ ಇದೆಯೆಂದು ಅವನು ನಂಬಿದ್ದಾನೆಯೇ?

ಬಾವಿಯ ಬಳಿ ನೀರು ಕೇಳಿದವನ ಹೆಸರಿನಲ್ಲಿ ಹೊರಟವರು ತಾವೂ ನೀರು ಕೇಳಲು ಕಲಿಯಬೇಕು. ಬಿಂದಿಗೆ ಊರಿನವರದು, ಹಗ್ಗ ಊರಿನವರದು. ಅವರು ಸೇದಿ ಕೊಟ್ಟ ನೀರನ್ನು ಕುಡಿದಮೇಲೆ ಅವರಾಗಿ “ಕುಳಿತುಕೊಳ್ಳಿ” ಎಂದರೆ ಮಾತು ಬೆಳೆಯುತ್ತದೆ. ಅನ್ನದಿದ್ದರೆ ಕೈಮುಗಿದು ಮುಂದಿನ ಊರಿನ ದಾರಿ ಹಿಡಿಯುವುದು ಲೇಸು.